ಒಡತಿಯ ತಾಮ್ರದ ಹಂಡೆ

ಮೊಮ್ಮಗಳು ಕಾಲೇಜಿನಲ್ಲಿ ಸಮಾನತೆಯ ಪಾಠ ಕೇಳಿಕೊಂಡು ಬಂದು, "ಅಜ್ಜೀ, ನಿಮ್ ಕಾಲದಲ್ಲಿ ಅದೆಲ್ಲ ಇತ್ತಾ?" ಅಂದಳು. ಇತ್ತು. ಒಂದು ಬೇಸಿಗೆ ಪೂರ್ತಿ ಇತ್ತು. ಆ ಬೇಸಿಗೆಯಲ್ಲಿ ನಾನು ಒಂದು ಕಡೆ ಕೂತವಳಲ್ಲ.

ಅರವತ್ತರ ದಶಕ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಹೊಸನಗರದ ಕಡೆಯ ನಮ್ಮ ಊರು ಮುಳುಗಿತು. ಮುಳುಗಿದ್ದು ಒಡೆಯರ ಗದ್ದೆ. ನಾವು ಅದರಲ್ಲಿ ಗೇಣಿಗೆ ದುಡಿಯುವವರು. ಸಾಗರದ ಆಚೆ ಒಂದು ಬೋಳುಗುಡ್ಡದಲ್ಲಿ ಅವರಿಗೂ ನಮಗೂ ಒಂದೇ ಅಳತೆಯ ಜಾಗ ಸಿಕ್ಕಿತು, ಅದೂ ಪಕ್ಕಪಕ್ಕದಲ್ಲೇ. ಅವರದ್ದೂ ಗುಡಿಸಲು, ನಮ್ಮದೂ ಗುಡಿಸಲು. ಒಡತಿ ಕುಕ್ಕರುಗಾಲಿನಲ್ಲಿ ಕೂತು ಒಲೆ ಊದುವುದನ್ನು ಬೇಲಿಯಿಂದ ನೋಡಿ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ನಾನಾಗ ತುಂಬಿದ ಬಸುರಿ, ಎರಡನೆಯದು. ಹಳೇ ಊರಿನಲ್ಲಿ ಒಕ್ಕಲು ಹೆಂಗಸು ಹೆತ್ತರೆ ಒಡೆಯರ ಮನೆಯಿಂದ ತಾಮ್ರದ ಹಂಡೆ ಬರುವ ರೂಢಿಯಿತ್ತು. ಒಂದು ತಿಂಗಳು ಬಾಣಂತಿಯ ಸ್ನಾನಕ್ಕೆ. ಕುದಿಯುವ ನೀರು, ಸೊಂಟಕ್ಕೆ ಬೀಳುವ ಬಿಸಿ ಧಾರೆ. ಆವರೆಗಿನ ನನ್ನ ಬಾಳಿನಲ್ಲಿ ಸುಖ ಅಂದರೆ ಮೊದಲ ಹೆರಿಗೆಯ ಆ ಒಂದು ತಿಂಗಳು. ಒಡತಿ ಹಂಡೆಯನ್ನು ಗುಡ್ಡಕ್ಕೂ ತಂದು ಅಂಗಳದಲ್ಲಿ ಕವುಚಿಟ್ಟಿದ್ದರು. ನನಗೆ ಅದರ ಮೇಲೇ ಕಣ್ಣು.

ಆದರೆ ನೀರು? ಹಳ್ಳ ಒಂದು ಮೈಲಿ ಕೆಳಗೆ. ಗಂಡ ಹಗಲಿಡೀ ಬಾವಿ ತೋಡುತ್ತಿದ್ದ, ನಾನು ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದೆ.

"ನೀ ಬಗ್ಗಿ ನೋಡಿದ್ರೆ ನೀರ್ ಬರ್ತದಾ? ಹೋಗೇ ಅತ್ಲಾಗೆ," ಅಂತ ಗುಂಡಿಯೊಳಗಿಂದ ಬೈಯುತ್ತಿದ್ದ.

ಕೊನೆಗೆ ಬಂತು. ಮರುದಿನ ಬೆಳಿಗ್ಗೆಯೇ ಒಡತಿ ಕೊಡ ಹಿಡಿದು ಬೇಲಿ ಹತ್ತಿರ ಬಂದರು.

"ಎಂತದೇ, ನೀರು ಬಂತಡ?"

"ಬಂತು ಅಮ್ಮ."

"ಒಂದು ಕೊಡ ಕೊಡು. ಹೆರಿಗೆಗೆ ಎಷ್ಟು ದಿನ ಇದ್ದು? ನಮ್ಮನೆ ಹಂಡೆ ಕಳಸ್ತಿ."

ಹಳೇ ಊರಿನಲ್ಲಿ ಅವರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಅವರು ಸೇದಿ ಮೇಲಿನಿಂದ ಹೊಯ್ಯುತ್ತಿದ್ದರು. ನನ್ನ ಬಾಯಿಂದ ಅದೇ ಬಂತು: "ಕೊಡ ಕೆಳಗಿಟ್ಟು ಆಚೆ ನಿಲ್ಲಿ."

ಅವರು ನನ್ನ ಮುಖ ನೋಡಿದರು. ಇಟ್ಟರು. ನಾನು ಎತ್ತರದಿಂದ ಹೊಯ್ದೆ, ಅರ್ಧ ನೆಲಕ್ಕೆ ಹೋಯಿತು. ಉಳಿದರ್ಧವನ್ನು ಎತ್ತಿಕೊಂಡು ಹೋದರು. ಆಮೇಲೆ ಹಳ್ಳಕ್ಕೇ ನಡೆದರು, ನಮ್ಮ ಬಾವಿಗೆ ಬರಲಿಲ್ಲ. ಆ ವಾರವೇ ಹಂಡೆ ಗಾಡಿ ಹತ್ತಿ ಸಾಗರದ ಪಾತ್ರೆ ಅಂಗಡಿಗೆ ಮಾರಾಟಕ್ಕೆ ಹೋಯಿತು.

"ಮಾರೋ ಮೊದ್ಲೇ ಹಂಡೆ ಕೇಳ್ಬೋದಿತ್ತಲ್ಲೇ, ಬಾಯಿ ಬಿದ್ದೋಗಿತ್ತಾ?" ಅಂದ ಗಂಡ.

"ಬಿದ್ದೋಗಿದ್ರೆ ಒಳ್ಳೇದಿತ್ತು," ಅಂದೆ.

ಹೆತ್ತ ಮೇಲೆ ಮಣ್ಣಿನ ಮಡಕೆಯಲ್ಲಿ ಕಾಸಿದ ನೀರು. ಎರಡನೇ ಮಡಕೆ ಕಾಯುವಷ್ಟರಲ್ಲಿ ಮೈ ನಡುಗುತ್ತಿತ್ತು. ಬೇಲಿಯಾಚೆ ಹಂಡೆ ಮಾರಿದ ಒಡತಿ ತಣ್ಣೀರಲ್ಲೇ ಮೀಯುತ್ತಿದ್ದರು. ಇಬ್ಬರೂ ಸಮ.

"ಹಾಗಾದ್ರೆ ಹಳೇದೇ ಚೆನ್ನಾಗಿತ್ತು ಅಂತೀಯಾ?" ಅಂತ ಮೊಮ್ಮಗಳು ಕೇಳಿದಳು.

"ಬಾವಿ ಮುಟ್ಬೇಡ ಅನ್ನಿಸ್ಕೊಳ್ಳೋದು ಚೆನ್ನಾಗಿರ್ತದೇನೇ?"

ಆ ದಿನ ಕೊಡವನ್ನು ತುಂಬಿಸಿ ಒಡತಿಯ ಕೈಗೇ ಕೊಡಬಹುದಿತ್ತು. ಹಾಗೆ ಕೊಡುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಈಗ ನಮ್ಮ ಬಚ್ಚಲಲ್ಲೇ ದೊಡ್ಡ ಹಂಡೆಯಿದೆ. ನೀರು ಕಾದಿದೆ ಅಂತ ಗೊತ್ತಿದ್ದರೂ ಎದ್ದು ಹೋಗಿ ಒಲೆಗೆ ಇನ್ನೊಂದು ಕೊಳ್ಳಿ ತಳ್ಳುತ್ತೇನೆ, ಕೈ ಅದ್ದಿ ನೋಡುತ್ತೇನೆ, ಬಂದು ಕೂತು ಮತ್ತೆ ಏಳುತ್ತೇನೆ.