ಒದೆತ ಎಣಿಸಿದ ಅಂಕಲ್

ಮೊನ್ನೆ ನಮ್ಮ ಕನ್ನಡದವರ ದೀಪಾವಳಿ ಊಟದಲ್ಲಿ ಬಾಗಿಲ ಬಳಿ ನಿಂತವರೊಬ್ಬರು ಒಳಬರುವವರನ್ನು ಎಣಿಸುತ್ತಿದ್ದರು. ಕೈಯಲ್ಲಿ, ಒತ್ತಿದಾಗಲೆಲ್ಲ ಒಂದು ಅಂಕಿ ಏರುವ ಪುಟ್ಟ ಯಂತ್ರ. ಟಕ್, ಟಕ್... ಆ ಸದ್ದಿಗೆ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಕೈಯಲ್ಲಿ ಸದಾ ಅಂಥದೇ ಒಂದು ಇರುತ್ತಿತ್ತು.

ಮೈಸೂರಿನವರು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಟ್ಟ ಮಾಲನ್ನು ಎಣಿಸಿ ಎಣಿಸಿಯೇ ರಿಟೈರ್ ಆಗಿದ್ದರು. ಚಟ ಮಾತ್ರ ಬಿಟ್ಟಿರಲಿಲ್ಲ. ನನ್ನ ಮಗಳು ಹೈಸ್ಕೂಲಿನ ಫುಟ್‌ಬಾಲ್ ಟೀಮಿಗೆ ಸೇರಿದಾಗ, ಅಷ್ಟು ಹುಡುಗರ ನಡುವೆ ಒಬ್ಬಳೇ ಹುಡುಗಿ, ಅಂಕಲ್ ಪ್ರತಿ ಮ್ಯಾಚಿಗೂ ಬಂದು ಕೂತರು. ಈ ದೇಶದ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ; ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರು ಕೈಕೊಟ್ಟರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವುದು ರೂಢಿ. ಆ ಒದೆಯುವ ಕೆಲಸ ನನ್ನ ಮಗಳದು.

ಒಂದು ಸೀಸನ್ ಪೂರ್ತಿ ಎಣಿಸಿದ ಅಂಕಲ್, ಕೋಚ್ ಮುಂದೆ ಹಾಳೆಗಳನ್ನು ಹರಡಿದರಂತೆ. ನಾಲ್ಕನೆಯದರಲ್ಲೂ ಒದೆಯದೆ ನುಗ್ಗುವುದೇ ಲಾಭ ಎಂದರಂತೆ. ಸೋತು ಸುಣ್ಣವಾಗಿದ್ದ ಕೋಚ್ ಒಪ್ಪಿಬಿಟ್ಟರು. ಮುಂದಿನ ಸೀಸನ್‌ನಲ್ಲಿ ಒದೆಯುವ ಕೆಲಸವೇ ಇಲ್ಲದೆ ಮಗಳು ಬೆಂಚಿಗೆ ಬಂದಳು. ಕಾರಿನಲ್ಲಿ, "ದೇ ಡೋಂಟ್ ನೀಡ್ ಮಿ, ಅಮ್ಮಾ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅಂಕಲ್ ಗೊಜ್ಜವಲಕ್ಕಿ ಕೊಟ್ಟಿದ್ದ ಡಬ್ಬಿಯನ್ನು ತೊಳೆದು, ಒಂದು ಚಿಟಿಕೆ ಸಕ್ಕರೆಯನ್ನೂ ಹಾಕದೆ, ಖಾಲಿಯೇ ಅವರ ಬಾಗಿಲಲ್ಲಿಟ್ಟು ಬಂದೆ. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ? ಅವತ್ತಿನಿಂದ ಮಾತೂ ಬಿಟ್ಟೆ.

ಮೂರು ವಾರ ಕಳೆದ ಮೇಲೆ ಅಂಕಲ್ ಅದೇ ಡಬ್ಬಿ ತುಂಬಿಸಿಕೊಂಡು ಬಂದರು. ಕಂಕುಳಲ್ಲಿ ಒಂದು ನೋಟ್‌ಬುಕ್. ಅಷ್ಟು ದಿನವೂ ಅವರು ಪ್ರಾಕ್ಟೀಸಿಗೆ ಹೋಗಿ, ಬೇಲಿಯ ಆಚೆ ನಿಂತು, ಮಗಳ ಒಂದೊಂದು ಒದೆತವನ್ನೂ ಎಣಿಸಿದ್ದರು. ಪಾಯಿಂಟ್ ಗಳಿಸಿದ ಟೀಮು ಮತ್ತೆ ಆಟ ಶುರುಮಾಡುವಾಗಲೂ ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದೆಯಬೇಕು. ಅದಕ್ಕೆ ಬೇರೊಬ್ಬ ಹುಡುಗನಿದ್ದ. ದೂರದ ಬದಲು ಹತ್ತೇ ಗಜ ದಾಟುವಂತೆ ತಟ್ಟಿದರೆ ನಮ್ಮವರೇ ಓಡಿ ಹಿಡಿಯಬಹುದು ಎನ್ನುವುದು ಅಂಕಲ್ ಲೆಕ್ಕ.

"ದೂರ ಒದಿಯೋರು ಊರ್ ತುಂಬ ಇದಾರೆ ಕಣಮ್ಮ. ಹಿಂಗೆ ಮೆತ್ತಗೆ ತಟ್ಟೋದು ಇವಳೊಬ್ಬಳಿಗೇ ಬರೋದು. ಕೋಚ್‌ಗೂ ತೋರಿಸಿದೀನಿ," ಅಂದರು.

ಮುಂದಿನ ಮ್ಯಾಚಿನಲ್ಲಿ ಅವಳ ಮೊದಲ ಒದೆತ ನೇರ ಎದುರಾಳಿಯ ಕೈಗೇ ಹೋಯಿತು. ಹಿಂದೆ ಕೂತವರು ಗೊಣಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಂಕಲ್ ಟಕ್ ಎಂದು ಒತ್ತಿ, ಒಂದು ಸಲ ತಪ್ಪಿದರೆ ಲೆಕ್ಕ ಬದಲಾಗುವುದಿಲ್ಲ, ಮತ್ತೆ ಅವಳನ್ನೇ ಕಳಿಸುತ್ತಾರೆ ಎಂದರು. ಕಳಿಸಿದರು. ಈ ಸಲ ಚೆಂಡು ಎರಡು ಬಾರಿ ನೆಲಕ್ಕೆ ಬಡಿದು, ಪುಟಿದು, ನಮ್ಮ ಹುಡುಗನ ಎದೆಗೆ ಬಂತು. ಅಂಕಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೊಂದನ್ನು ಎಣಿಸುವುದನ್ನೇ ಮರೆತರು.

ಅವರು ತೀರಿಕೊಂಡು ಎರಡು ವರ್ಷವಾಯಿತು... ಮಗಳು ಈಗ ಡೆಸ್ ಪ್ಲೇನ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ವೀಕೆಂಡಿನಲ್ಲಿ ಮಕ್ಕಳ ಟೀಮೊಂದಕ್ಕೆ ಕೋಚ್. ಯಾವುದಕ್ಕೂ ಆಗದವಳು, ತೆಗೆದುಬಿಡು ಎಂದು ಎಲ್ಲರೂ ಹೇಳಿದ ಹುಡುಗಿಯೊಬ್ಬಳನ್ನು ಇವಳು ಇನ್ನೂ ಇಟ್ಟುಕೊಂಡಿದ್ದಾಳಂತೆ. ಫೋನಿನಲ್ಲಿ ಯಾಕೆ ಎಂದು ಕೇಳಿದೆ.

"ಐ ಆಮ್ ಸ್ಟಿಲ್ ಕೌಂಟಿಂಗ್, ಅಮ್ಮಾ," ಅಂದಳು.

ಓಡಿಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ ಹೇಳೋಣ ಅನ್ನಿಸಿತು. ತಪ್ಪಾಯಿತು ಅನ್ನುವ ಮಾತನ್ನೂ ನಾನು ಅವರಿಗೆ ಹೇಳಿರಲಿಲ್ಲ.