ಅಕ್ಬರಿ ಬೇಗಂ ಮತ್ತು ಪೈಪಿನ ಕಿವಿ

ನಮ್ಮ ರಾಮನಗರದ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಅಕ್ಬರಿ ಬೇಗಮ್ಮನಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ. ಹೊಸ ಸೋಪು ಕೊಟ್ಟರೂ ಮೂಸಿ ನೋಡಿಯೇ ಕೈಗೆ ಹಚ್ಚುವುದು. ಗಂಡ ತೀರಿಕೊಂಡ ಮೇಲೆ ಬಿಸಿನೀರಿನ ತೊಟ್ಟಿಯ ಮುಂದೆ ದಿನವೆಲ್ಲ ನಿಂತು, ಬೆಂದ ಗೂಡಿನಿಂದ ನೂಲೆಳೆದು, ಮಗಳು ಹಿನಾಳನ್ನು ಓದಿಸುತ್ತಿದ್ದಾಳೆ. ಸಂಜೆಗೆ ಕಾಲು ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. ನಾನು ಅಲ್ಲೇ ಬಾಯ್ಲರಿಗೆ ಸೌದೆ ಹಾಕುವವನು. ಅವಳ ಅನುಮಾನ ಕಂಡು ಎಷ್ಟೋ ಸಲ ರೇಗಿದ್ದೇನೆ. ಈ ಸಲ ರೇಗಲಿಲ್ಲ. ನನಗೂ ಅನುಮಾನವೇ ಇತ್ತು.

ಆವಿ ಹೊರಹಾಕಲು ಹೆಂಗಸರ ತಲೆಯ ಮೇಲೆ ದಪ್ಪ ತಗಡಿನ ಪೈಪಿದೆ. ಅದರೊಳಗಿನ ಫ್ಯಾನು ಗುಡುಗಿದ ಹಾಗೆ ಸದ್ದು ಮಾಡುತ್ತಿತ್ತು. ಪೈಪಿನ ಬಾಯಿ ಹೊರಗೆ ಓಣಿಯಲ್ಲಿ, ಪಕ್ಕದ ಮನೆಯ ಗಂಗಲಕ್ಷ್ಮಮ್ಮನ ಅಡಿಗೆಮನೆ ಕಿಟಕಿಯ ಎದುರಿಗೆ. ಆ ಯಮ್ಮ ನಗರಸಭೆಗೆ ದೂರು ಕೊಟ್ಟಳು. ಸದ್ದು ಇಳಿಯದಿದ್ದರೆ ಬೀಗ ಜಡಿಯುತ್ತೇವೆಂದು ನೋಟೀಸು ಬಂತು. ಮಾಲೀಕ ಸಾಬೀರ್ ಸಾಹೇಬರು ಫರ್ಹಾನ್ ಎಂಬ ಮೆಕ್ಯಾನಿಕ್ಕನನ್ನು ಕರೆಸಿದರು. ಅವನು ಪೈಪಿಗೆ ಎರಡು ಮೈಕು, ಒಂದು ಸ್ಪೀಕರು, ಒಂದು ಪೆಟ್ಟಿಗೆ ಕೂರಿಸಿದ.

“ಒಳಗಿನ ಮೈಕು ಫ್ಯಾನಿನ ಗದ್ದಲ ಕೇಳುಸ್ಕತದೆ. ಪೆಟ್ಟಿಗೆ ಅದಕ್ಕೆ ಉಲ್ಟಾ ಸದ್ದು ಮಾಡಿ ಸ್ಪೀಕರಲ್ಲಿ ಬುಡ್ತದೆ. ಎರಡೂ ಹೊಡ್ಕಂಡು ಸಾಯ್ತವೆ,” ಅಂದ ಫರ್ಹಾನ್. “ಬಾಯಲ್ಲಿರೋ ಮೈಕು, ಸದ್ದು ಇನ್ನೂ ಎಷ್ಟು ಉಳೀತು ಅಂತ ಪೆಟ್ಟಿಗೆಗೆ ತಿಳುಸ್ತದೆ. ಪೆಟ್ಟಿಗೆ ತನ್ನಷ್ಟಕ್ಕೇ ಕಲ್ತು ತಿದ್ಕತದೆ.”

“ಏನ್ ಕಲೀತದೆ ಬೇಟಾ? ನಮ್ ಮಾತಾ?” ಅಂದಳು ಅಕ್ಬರಿ.

ಅವನು ನಕ್ಕ. ಅವಳು ನಗಲಿಲ್ಲ.

ಗುಡುಗು ನಿಜಕ್ಕೂ ಸತ್ತುಹೋಯಿತು. ಆದರೆ ಮಾರನೆಯ ದಿನ ಸಾಬೀರ್ ಸಾಹೇಬರು ಬಂದವರೇ ಹೆಂಗಸರ ಮುಂದೆ ನಿಂತರು. “ಕುದೂರಲ್ಲಿ ಹೊಸ ಫಿಲೇಚರು ಐತಂತೆ, ಕೂತ್ಕಂಡು ಕೆಲ್ಸ ಮಾಡಕ್ಕೆ ಸ್ಟೂಲ್ ಕೊಡ್ತಾರಂತೆ, ಕೇಳ್ಕಂಡು ಬರಕ್ಕೆ ಹೊಂಟಿದ್ದೀರಂತೆ? ಅತ್ಲಾಗೆ ತಲೆ ಹಾಕ್ದೋರಿಗೆ ಇಲ್ಲಿ ಕೆಲ್ಸ ಇಲ್ಲ. ನಂಗೆ ಎಲ್ಲಾ ಗೊತ್ತಾಯ್ತದೆ.” ಅಂದು ಪೈಪಿನ ಕಡೆ ಒಂದು ಸಲ ಕಣ್ಣು ಹಾಯಿಸಿದರು.

ಅಕ್ಬರಿಯ ಮುಖ ಬಿಳಿಚಿಕೊಂಡಿತು. ಕುದೂರಿನಲ್ಲಿ ಕೆಲಸ ಸಿಗುವ ಖಾತ್ರಿ ಇರಲಿಲ್ಲ. ಇಲ್ಲಿಯದೂ ಹೋದರೆ ಹಿನಾಳ ಕಾಲೇಜು ಅಲ್ಲಿಗೇ ನಿಂತಂತೆ.

“ರಾಜಣ್ಣ, ಆ ಮಾತು ನಾವು ಹೆಂಗಸರು ಈ ಪೈಪಿನ ಕೆಳಗೇ ಆಡಿದ್ದು. ಮೈಕು ಬಿಟ್ಟು ಇನ್ಯಾರು ಹೇಳ್ತಾರೆ?” ಅಂದಳು ನನಗೆ.

“ಬಡ್ಡೀಮಗಂದು, ಕಿತ್ತಾಕ್ಬುಡನಾ?” ಅಂದೆ.

“ಸುಮ್ನಿರು. ನಿನ್ ಕೋಪದಿಂದ್ಲೇ ಎಲ್ಲಾ ಹಾಳಾಗೋದು.”

ಮಧ್ಯಾಹ್ನ ಅವಳೇ ಓಣಿಗೆ ಹೋಗಿ, ನೂಲು ತೆಗೆದು ಉಳಿದ ಒದ್ದೆ ನಾರಿನ ಉಂಡೆಯೊಂದನ್ನು ಪೈಪಿನ ಬಾಯಲ್ಲಿದ್ದ ಮೈಕಿಗೆ ಮೆತ್ತಿ ಬಂದಳು. ಸ್ವಲ್ಪ ಹೊತ್ತಿಗೆ ಪೈಪು ಊಳಿಡತೊಡಗಿತು. ಕಿವಿ ಕಟ್ಟಿಸಿಕೊಂಡ ಪೆಟ್ಟಿಗೆ ಸದ್ದು ಕೊಲ್ಲುವ ಬದಲು ತಾನೇ ಕಿರುಚುತ್ತಿತ್ತು. ಸಾಹೇಬರು ಓಡಿಬಂದರು. ಅವರ ಹಿಂದೆಯೇ ಕೈಯಲ್ಲಿ ಸೌಟು ಹಿಡಿದು ಗಂಗಲಕ್ಷ್ಮಮ್ಮ.

“ಏನ್ ಸಾಬ್ರೇ ಇದು! ನಿನ್ನೆಯಿಂದ ಎಷ್ಟು ಚೆಂದಾಗಿತ್ತು! ಫ್ಯಾನ್ ಸದ್ದು ಓಗಿ ನಿಮ್ ಹೆಂಗುಸ್ರು ಪಿಸುಗುಟ್ಟಿದ್ದೂ ನನ್ ಒಲೆ ಮುಂದೆ ಕೇಳೋದು. ಕುದೂರಿನ ಸಮಾಚಾರ ನಾನೇ ಅಲ್ವಾ ನಿಮ್ಗೆ ಯೋಳಿದ್ದು?”

ಇಷ್ಟು ವರ್ಷ ಫ್ಯಾನಿನ ಗದ್ದಲವೇ ಈ ಹೆಂಗಸರ ಮಾತಿಗೆ ಪರದೆಯಾಗಿತ್ತು. ಆ ಪರದೆ ಹೋಗಿದ್ದು ಯಾರಿಗೂ ಹೊಳೆದಿರಲಿಲ್ಲ. ಪಕ್ಕದ ಮನೆಯವಳು ಹೇಳಿದ್ದನ್ನು ಮೈಕು ಹೇಳಿತೆಂಬಂತೆ ತೋರಿಸಿ ಹೆದರಿಸಿದ ಸಾಹೇಬರನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಕ್ಬರಿ ತಾನೇ ಹೋಗಿ ನಾರು ಕಿತ್ತು ತಂದು ಸಾಹೇಬರ ಮುಂದೆ ಹಾಕಿದಳು. “ನಾನೇ ಮೆತ್ತಿದ್ದು. ತೆಗೀತೀರಾ ಕೆಲ್ಸದಿಂದ? ಹಂಗಾದ್ರೆ ನೋಟೀಸ್‌ನೋರು ಬಂದಾಗ ಮೈಕು ತೋರ್ಸಿ ಹೆದರ್ಸಿದ ಕಥೆ, ಸ್ಟೂಲ್ ಕೊಡ್ದಿರೋ ಕಥೆ ಎರಡೂ ನಾನೇ ಹೇಳ್ತೀನಿ.” ಬಾಕಿ ಹೆಂಗಸರೂ ನೂಲು ಬಿಟ್ಟು ಅವಳ ಹಿಂದೆ ಬಂದು ನಿಂತರು.

ಸಾಹೇಬರು ಬೆನ್ನು ತಿರುಗಿಸಿ ಹೊರಟುಹೋದರು. ಅವಳು ತನ್ನ ತೊಟ್ಟಿಯ ಹತ್ತಿರ ಬಂದು, ತಲೆಯ ಮೇಲಿನ ಪೈಪಿಗೆ ಮುಖ ಎತ್ತಿ ಕೂಗಿದಳು: “ಗಂಗಲಕ್ಷ್ಮಮ್ಮಾ, ಮನೆಗೆ ಹೋದ್ರಾ? ಇದ್ನೂ ಹೇಳ್ಬುಡಿ ಅವ್ರಿಗೆ, ನಮ್ ಕಾಲು ಊದ್ಕಂಡದೆ!”

ಮುಂದಿನ ವಾರ ಸ್ಟೂಲುಗಳು ಬಂದವು. ಎಲ್ಲರೂ ಕೂತರು. ಅಕ್ಬರಿ ಮಾತ್ರ ತನ್ನ ಸ್ಟೂಲನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಮೈಕೇನಾದರೂ ಇದೆಯೇ ಎಂದು ಕೈಯಾಡಿಸಿ ನೋಡಿ, ಆಮೇಲೆ ಕೂತಳು.