ಬಿಸಿಲಿಗೆ ಮಾಸಿದ ಕೆಂಪು

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಲ್ಲಿ ಕಾಫಿಪುಡಿ, ಜೇನುತುಪ್ಪ, ಏಲಕ್ಕಿ ಮಾರುವ ಒಂದು ಅಂಗಡಿಯಿದೆ. ಅದನ್ನು ನಡೆಸುವ ಭಾಯಿ ತಮ್ಮ ಒಂದು ಗೋಡೆಯನ್ನು ನನ್ನ ಚಿತ್ರಗಳಿಗೆ ಬಿಟ್ಟುಕೊಟ್ಟಿದ್ದರು. ನಾನು ಬರೆಯುವುದು ಜಲವರ್ಣದ ಸಣ್ಣ ಚಿತ್ರಗಳು. ಕಾಫಿ ಹಣ್ಣಿನ ಗೊಂಚಲು, ಮೆಣಸಿನ ಬಳ್ಳಿ, ಹಾಲುವಾಣದ ಹೂವು, ಹೀಗೆ ತೋಟದಲ್ಲಿ ಕಣ್ಣಿಗೆ ಬಿದ್ದದ್ದು.

ಪ್ರತಿ ಸೋಮವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಶನಿವಾರ, ಭಾನುವಾರ ಬಂದ ಪ್ರವಾಸಿಗರು ಏನಾದರೂ ಕೊಂಡಿದ್ದರೆ ಗೋಡೆಯಲ್ಲಿ ಒಂದು ಮೊಳೆ ಖಾಲಿ ಕಾಣುತ್ತಿತ್ತು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾತ್ರ ಮೂರು ತಿಂಗಳು ಒಂದು ಮೊಳೆಯೂ ಖಾಲಿಯಾಗಲಿಲ್ಲ. ರಸ್ತೆಯ ತಿರುವಿನಲ್ಲೇ ಸ್ಕೂಟರ್ ನಿಧಾನ ಮಾಡಿ, ದೂರದಿಂದಲೇ ಗೋಡೆ ನೋಡಿ, ಆಮೇಲೆ ಮುಖಕ್ಕೆ ಒಂದು ನಗು ಹಾಕಿಕೊಂಡು ಒಳಗೆ ಹೋಗುವುದು ನನಗೆ ಅಭ್ಯಾಸವಾಗಿತ್ತು.

"ಏನ್ ಮಾಡೋದು ಅಕ್ಕ, ಎಲ್ರೂ ನಿಂತು ನೋಡ್ತಾರೆ, ಚೆನ್ನಾಗಿದೆ ಅಂತಾರೆ. ಮೊಬೈಲಲ್ಲಿ ಫೋಟೋ ತೆಕ್ಕೊಂಡು, ಜೇನುತುಪ್ಪ ತಗೊಂಡು ಹೋಗ್ತಾರೆ" ಎನ್ನುತ್ತಿದ್ದರು ಭಾಯಿ. ಅದು ಅವರದೇ ತಪ್ಪು ಎನ್ನುವಂತೆ ಅವರ ಮುಖ ಸಣ್ಣದಾಗುತ್ತಿತ್ತು. ಅವರಿಗೆ ಬೇಜಾರಾಗುವುದು ನೋಡಿ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಮನೆಗೆ ಬಂದರೆ ಕೈ ಓಡುತ್ತಿರಲಿಲ್ಲ. ಫೋನ್ ಟಿಣ್ ಎಂದರೆ ಯಾರೋ ಚಿತ್ರ ಕೇಳಿದ್ದಾರೇನೋ ಎಂದು ಕುಂಚ ಕೆಳಗಿಟ್ಟು ಓಡುತ್ತಿದ್ದೆ. ನೋಡಿದರೆ ಗ್ಯಾಸ್ ಬುಕ್ ಆದ ಸಂದೇಶ. ಹೂವಿನ ಬದಲು ಕಾಫಿ ಲೋಟದ ಮೇಲೆ ಹೃದಯದಂತೆ ಏಳುವ ಹಬೆ ಬರೆದರೆ ಹೋಗುತ್ತದೇನೋ ಎಂದು ಅದನ್ನೂ ನಾಲ್ಕು ಬರೆದೆ. ಅವೂ ಅಲ್ಲೇ ನೇತಾಡಿದವು.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಗೋಡೆಗೆ ಸುಣ್ಣ ಬಳಿಸಲು ಭಾಯಿ ಚಿತ್ರಗಳನ್ನೆಲ್ಲ ಇಳಿಸಿದರು. ಸಹಾಯಕ್ಕೆ ನಾನೂ ಹೋಗಿದ್ದೆ. ಕಾಫಿ ಹಣ್ಣಿನ ಚಿತ್ರವೊಂದರ ಚೌಕಟ್ಟು ಸಡಿಲವಾಗಿತ್ತು. ಬಿಚ್ಚಿ, ಚಿತ್ರದ ಸುತ್ತ ಕೂರಿಸಿದ್ದ ಬಿಳಿ ರಟ್ಟನ್ನು ಎತ್ತಿದೆ. ರಟ್ಟಿನ ಅಡಿಯಲ್ಲಿ ಬೆರಳಗಲದ ಒಂದು ಪಟ್ಟಿ ಗಾಢ ಕೆಂಪಾಗಿತ್ತು. ನಾನು ಹಾಕಿದ್ದ ಕೆಂಪು. ಉಳಿದ ಹಣ್ಣುಗಳೆಲ್ಲ ನೀರು ಬೆರೆಸಿದ ಹಾಲಿನಂಥ ತೆಳು ಗುಲಾಬಿಗೆ ತಿರುಗಿದ್ದವು. ಮಧ್ಯಾಹ್ನದ ಬಿಸಿಲು ಆ ಗೋಡೆಗೆ ನೇರವಾಗಿ ಬೀಳುತ್ತಿತ್ತು. ಅದು ದಿನಾ ಸ್ವಲ್ಪ ಸ್ವಲ್ಪವೇ ತಿಂದಿದ್ದರಿಂದ, ವಾರಕ್ಕೊಮ್ಮೆ ನೋಡುತ್ತಿದ್ದ ನನಗೆ ಗೊತ್ತೇ ಆಗಿರಲಿಲ್ಲ.

ಕಾರಣ ಹುಡುಕಬೇಕಾಗಿರಲಿಲ್ಲ. ಅದರ ಹಿಂದಿನ ವರ್ಷವೇ ಮಾರಾಟ ಇಳಿಯತೊಡಗಿತ್ತು. ಚಿತ್ರದ ಬೆಲೆ ತಗ್ಗಿಸೋಣವೆಂದು ನಾನು ಬಣ್ಣ ಬದಲಿಸಿದ್ದೆ. ಚಿಕ್ಕಮಗಳೂರಿನ ಪುಸ್ತಕದಂಗಡಿಯಲ್ಲಿ ಶಾಲೆ ಮಕ್ಕಳಿಗೆಂದು ಇಟ್ಟಿದ್ದ ಟ್ಯೂಬುಗಳು. ಬಳಸುವಾಗಲೇ ಮನಸ್ಸಿನ ಮೂಲೆಯಲ್ಲಿ ಅನುಮಾನವಿತ್ತು. ಕಾಗದದ ಮೇಲೆ ಚೆನ್ನಾಗಿ ಕಂಡಿತು, ಸುಮ್ಮನಾದೆ. ಆ ಬಣ್ಣದಲ್ಲಿ ಬರೆದ ನಾಲ್ಕು ಚಿತ್ರ ಮಾರಾಟವಾಗಿದ್ದವು. ಮೂರನ್ನು ಕೊಂಡವರು ಎಲ್ಲಿಯವರೋ, ಗೊತ್ತಿಲ್ಲ. ನಾಲ್ಕನೆಯದನ್ನು ಕೊಂಡವರು ಮೂಡಿಗೆರೆಯ ನಮ್ಮ ಡಾಕ್ಟರಮ್ಮ. ಅವರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಜಾಗದಲ್ಲಿ, ಕಿಟಕಿಯ ಎದುರಿಗೇ ಅದನ್ನು ಹಾಕಿದ್ದರು.

ಭಾಯಿಗೆ ಏನೂ ಹೇಳದೆ ಮನೆಗೆ ಬಂದೆ. ಹೇಳಿಬಿಟ್ಟರೆ? ಮೂಡಿಗೆರೆ ಎಷ್ಟು ದೊಡ್ಡ ಊರು? ಅವಳ ಚಿತ್ರ ವರ್ಷದಲ್ಲಿ ಬೆಳ್ಳಗಾಗುತ್ತದಂತೆ ಎಂಬ ಮಾತು ಸಂತೆಗೆ ಮುಟ್ಟಿದರೆ, ಹೋಗದ ಚಿತ್ರಗಳು ಇನ್ನು ಯಾವತ್ತಿಗೂ ಹೋಗುವುದಿಲ್ಲ. ಹೇಳದಿದ್ದರೆ? ದಿನಾ ಹತ್ತಾರು ಜನ ಅದರ ಕೆಳಗೆ ಕೂರುತ್ತಾರೆ. ಮೂಲೆಯಲ್ಲಿ ನನ್ನ ಸಹಿ ಇದೆ. ಅದನ್ನು ಮಾತ್ರ ಒಳ್ಳೆಯ ಕಪ್ಪು ಶಾಯಿಯಲ್ಲಿ ಹಾಕಿದ್ದೆ, ಅದು ಮಾಸಿರುವುದಿಲ್ಲ.

ಕ್ಲಿನಿಕ್ಕಿನ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ. ತರಕಾರಿಗೆ ಸುತ್ತು ಬಳಸಿ ಹೋದೆ. ಜೂನ್ ಮೊದಲ ವಾರ ಜ್ವರ ಬಂದಾಗ, ನಡೆದು ಹೋಗುವಷ್ಟು ಹತ್ತಿರವಿದ್ದ ನಮ್ಮ ಡಾಕ್ಟರಮ್ಮನನ್ನು ಬಿಟ್ಟು, ನಡುಗುತ್ತಾ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ಯಾರಿಗೋ ತೋರಿಸಿಕೊಂಡು ಬಂದೆ.

ನಮ್ಮ ಮನೆಯವರು ಬಾಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ಅವರ ಉದ್ಯೋಗ. ವಾರವೆಲ್ಲ ಎಸ್ಟೇಟಿನ ಲೈನ್ ಮನೆಯಲ್ಲೇ ಇದ್ದು ಶನಿವಾರ ಸಂಜೆ ಮನೆಗೆ ಬರುತ್ತಾರೆ. ಆ ಶನಿವಾರ ಮಾತ್ರೆಯ ಚೀಟಿ ಅವರ ಕಣ್ಣಿಗೆ ಬಿತ್ತು.

"ನಮ್ಮ ಡಾಕ್ಟ್ರು ಊರಲ್ಲಿರ್ಲಿಲ್ವಾ?" ಎಂದು ಕೇಳಿದರು.

"ಇದ್ರು."

"ಮತ್ತೆ?"

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಚೀಟಿಯನ್ನು ಮಡಿಸುತ್ತಾ, "ಪಾರ್ಚ್‌ಮೆಂಟ್ ಕಾಫಿ ಬೀಜ ಸರಿಯಾಗಿ ಒಣಗದೆ ಚೀಲ ತುಂಬಿ ಕಳಿಸಿದ್ರೆ, ಕೊಳ್ಳೋ ಕ್ಯೂರಿಂಗ್ ಕಾರ್ಖಾನೆಯವ್ರಿಗೆ ಗೊತ್ತಾಗದೆ ಇರಲ್ಲ. ಅವ್ರು ಫೋನ್ ಮಾಡೋ ಮುಂಚೆ ನಾವೇ ಮಾಡಿದ್ರೆ ಮಾತೇ ಬೇರೆ ಥರ ಇರುತ್ತೆ. ನಾನು ಎರಡು ಸಲ ಮಾಡಿದೀನಿ" ಎಂದರು.

"ಬೈದ್ರಾ?"

"ಬೈದ್ರು. ಆದ್ರೆ ಕಾಫಿ ತಗೊಳ್ಳೋದು ಬಿಡ್ಲಿಲ್ಲ."

ಮರುದಿನವೇ ಹೋದೆ ಎಂದೇನೂ ಅಲ್ಲ. ಮತ್ತೆ ಹತ್ತು ದಿನ ಕಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ, ಏನು ಹೇಳಬೇಕೋ ತಿಳಿಯದೆ, ರೋಗಿಯಂತೆ ಟೋಕನ್ ತೆಗೆದುಕೊಂಡು ಕುಳಿತೆ. ನನ್ನ ಕಾಫಿ ಹಣ್ಣಿನ ಚಿತ್ರ ಎದುರಿಗಿತ್ತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಮಾಸಿತ್ತು. ಪಕ್ಕದಲ್ಲಿ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಯಾವುದೋ ತೋಟದಿಂದ ಜೀಪಿನಲ್ಲಿ ಬಂದಿದ್ದ ವಯಸ್ಸಾದ ಕೆಲಸದ ಹೆಂಗಸು ಕುಳಿತಿದ್ದರು. ನಾನು ಚಿತ್ರವನ್ನೇ ನೋಡುತ್ತಿದ್ದುದನ್ನು ಕಂಡು ಮಾತು ತೆಗೆದರು.

"ಇನ್ನೂ ದೋರೆ ಅದು."

"ಏನಮ್ಮಾ?"

"ಅರ್ಧ ಹಣ್ಣು. ಕೆಂಪಾಗಕ್ಕೆ ಇನ್ನೂ ಎಂಟು ದಿನ ಬೇಕು. ಈಗ್ಲೇ ಕುಯ್ದ್ರೆ ಮೇಸ್ತ್ರಿ ಬಿಡ್ತಾನಾ? ಬರೆದವ್ರು ಸರಿಯಾಗಿ ನೋಡೇ ಬರೆದಿದಾರೆ."

ನನಗೆ ನಗು ಬಂತು, ಅದರ ಬೆನ್ನಲ್ಲೇ ನಾಚಿಕೆಯೂ ಆಯಿತು. ಅದನ್ನು ಬರೆದವಳು ನಾನೇ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ನರ್ಸ್ ನನ್ನ ನಂಬರ್ ಕರೆದಳು.

ಡಾಕ್ಟರಮ್ಮ ಎಂದಿನಂತೆ, "ಏನಾಗ್ತಿದೆ?" ಎಂದರು.

"ನಂಗೇನಿಲ್ಲ ಡಾಕ್ಟ್ರೇ. ಹೊರಗಿರೋ ಚಿತ್ರ ಮಾಸಿದೆ. ಬಿಸಿಲಿನ ತಪ್ಪಲ್ಲ ಅದು, ನನ್ನ ತಪ್ಪು. ಕಡಿಮೆ ದರ್ಜೆಯ ಬಣ್ಣ ಹಾಕಿದ್ದೆ. ಹಾಕುವಾಗ ಗೊತ್ತಿತ್ತು, ಪೂರ್ತಿ ಗೊತ್ತಿರ್ಲಿಲ್ಲ ಅಂತ ಹೇಳೋಕಾಗಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಇತ್ತೀಚೆಗೆ ಈ ಕಡೆ ಬರ್ತಾನೇ ಇಲ್ಲ ಅಂತ ನರ್ಸ್ ಹೇಳ್ತಿದ್ಲು. ಕಿಟಕಿ ಎದುರಿಗೆ ಹಾಕಿ ನಾನೇ ಹಾಳುಮಾಡ್ದೆ, ಅದನ್ನ ನೋಡಿ ನಿಮಗೆ ಬೇಜಾರಾಗಿದೆ ಅಂದ್ಕೊಂಡಿದ್ದೆ. ತೆಗೆದು ಒಳಗಿಡೋಣ ಅಂದ್ರೆ, ನೀವು ಬಂದಾಗ ಕಾಣದಿದ್ರೆ ಇನ್ನೂ ತಪ್ಪು ತಿಳ್ಕೋತೀರಿ ಅಂತ ಸುಮ್ನಿದ್ದೆ."

ಬೇರೆ ಬರೆದುಕೊಡುತ್ತೇನೆ, ಏನೂ ಕೊಡಬೇಡಿ ಎಂದೆ. ಬೇಡ ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಅವರು, "ಆಯ್ತು, ಬರೆದುಕೊಡಿ. ಈ ಸಲ ಒಳಗಿನ ಗೋಡೆಗೆ ಹಾಕ್ತೀನಿ" ಎಂದರು. ಆಮೇಲೆ, ಬಂದದ್ದೇ ಬಂದಿರಿ ಎಂದು ನನ್ನ ಬಿ.ಪಿ. ನೋಡಿದರು. ಜಾಸ್ತಿಯಿತ್ತು.

ಆ ಮಳೆಗಾಲವಿಡೀ ನನ್ನಲ್ಲಿದ್ದ ಎಲ್ಲ ಬಣ್ಣಗಳನ್ನೂ ಪರೀಕ್ಷೆ ಮಾಡಿದೆ. ಒಂದೊಂದನ್ನೂ ಕಾಗದದ ಪಟ್ಟಿಗೆ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ, ಕಿಟಕಿಯ ಗಾಜಿಗೆ ಅಂಟಿಸಿದೆ. ಮೋಡ ಸರಿದಾಗಲೆಲ್ಲ ಇಂದು ಯಾವುದು ಹೋಯಿತೋ ಎಂದು ಎದ್ದು ಹೋಗಿ ನೋಡುತ್ತಿದ್ದೆ. ಮಳೆ ನಿಂತು ಒಂದು ತಿಂಗಳ ಬಿಸಿಲು ಬಿದ್ದ ಮೇಲೆ, ಉಳಿದುಕೊಂಡ ಬಣ್ಣಗಳಿಂದ ಡಾಕ್ಟರಮ್ಮನಿಗೆ ಹೊಸ ಚಿತ್ರ ಬರೆದುಕೊಟ್ಟೆ. ಭಾಯಿಗೂ ವಿಷಯ ಹೇಳಿ ಮಾಸುವ ಬಣ್ಣದ ಚಿತ್ರಗಳನ್ನೆಲ್ಲ ವಾಪಸ್ ತಂದೆ. "ಸೂಕ್ಷ್ಮವಾಗಿ ನೋಡೋರು ಯಾರಿದಾರೆ ಅಕ್ಕ, ಇರ್ಲಿ ಬಿಡಿ" ಎಂದು ಅವರು ಎರಡು ಸಲ ಹೇಳಿದರು. ಗೋಡೆಯಲ್ಲಿ ಮೊದಲಿನ ಒಳ್ಳೆಯ ಬಣ್ಣದ ಐದೇ ಚಿತ್ರ ಉಳಿದವು.

ಇಷ್ಟೆಲ್ಲ ಆದ ಮೇಲೆ ಮಾರಾಟ ಹೆಚ್ಚಿತೆಂದು ಹೇಳಲು ನನಗೂ ಆಸೆ. ಹೆಚ್ಚಲಿಲ್ಲ. ಕೆಲವು ತಿಂಗಳು ಒಂದು, ಕೆಲವು ತಿಂಗಳು ಸೊನ್ನೆ. ಅದಕ್ಕೇ ಕಳೆದ ಬೇಸಿಗೆಯಿಂದ ಹೋಂಸ್ಟೇಗಳಿಗೆ, ಎಸ್ಟೇಟ್ ಗೇಟುಗಳಿಗೆ ಬೋರ್ಡ್ ಬರೆಯುವುದನ್ನೂ ಶುರು ಮಾಡಿದೆ. ಮೊದಲನೆಯದು ದೇವರಮನೆಯ ದಾರಿಯಲ್ಲಿ, ಹೊಸದಾಗಿ ಹೋಂಸ್ಟೇ ತೆರೆದಿದ್ದ ಒಬ್ಬ ಸಣ್ಣ ಬೆಳೆಗಾರರದು. ತಗಡಿನ ಬೋರ್ಡನ್ನು ಶೆಡ್ಡಿನಲ್ಲಿ ಮಲಗಿಸಿ, ಸೀಸದಕಡ್ಡಿಯಲ್ಲಿ ಅಕ್ಷರ ಗುರುತು ಮಾಡಿಕೊಂಡು, ಎನಾಮಲ್ ಡಬ್ಬಿ ತೆರೆಯಲು ಹೊರಟಾಗ ಅವರು ಹತ್ತಿರ ಬಂದು ನಿಂತರು.

"ಇದು ಎಷ್ಟು ವರ್ಷ ಬರುತ್ತೆ?"

ನನ್ನ ಕೈ ಡಬ್ಬಿಯ ಮುಚ್ಚಳದ ಮೇಲೆಯೇ ನಿಂತಿತು. ಹತ್ತು ವರ್ಷ ಎನ್ನಬಹುದಿತ್ತು. ಬೇರೆಯವರು ಹಾಗೇ ಹೇಳುತ್ತಾರೆ. ಕೆಲಸ ಕೈತಪ್ಪೀತು ಎಂಬ ಹೆದರಿಕೆಯಿತ್ತು.

"ಇಲ್ಲಿನ ಮಳೆಗೆ ಎರಡು ವರ್ಷ ಅಂತ ಧೈರ್ಯವಾಗಿ ಹೇಳಬಲ್ಲೆ" ಎಂದೆ. "ಆಮೇಲೆ ಬಂದು ನೋಡ್ತೀನಿ. ಬಣ್ಣ ಎದ್ದಿದ್ರೆ ತಿದ್ದಿಕೊಡ್ತೀನಿ."

ಅವರು ಬೋರ್ಡನ್ನು ನೋಡಿದರು, ಹೊರಗೆ ಬೆಟ್ಟದ ಮೇಲೆ ಕವಿಯುತ್ತಿದ್ದ ಮಂಜನ್ನು ನೋಡಿದರು. "ಎರಡು ಮಳೆಗಾಲ ತಡೆದ್ರೆ ಸಾಕು ಮಾರಾಯ್ರೆ, ಬರೀರಿ" ಎಂದು ಒಳಗೆ ಹೋದರು. ನಾನು ಮುಚ್ಚಳ ತೆಗೆದೆ.